ಕಪ್ಪು ತಂತಿಯ ಕೆಲಸ

ಅಕ್ಕನ ಮಗ ಪಿಯುಸಿ ಓದುತ್ತಿದ್ದಾನೆ. ಈ ಸಲ ರಜೆಗೆ ಬಂದವನು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅರ್ಧ ದಿನ ಅಲೆದು ಒಂದು ಆರ್ಡುಯಿನೋ ಉನೋ ಬೋರ್ಡು, ಪುಟ್ಟ ಸರ್ವೋ ಮೋಟಾರು, ನಾಲ್ಕು ಸೆಲ್ ಹಿಡಿಸುವ ಡಬ್ಬಿ, ಒಂದು ಕಟ್ಟು ಜಂಪರ್ ವೈರು ತಂದಿದ್ದ. ಮಾರನೇ ದಿನ ಬೆಳಿಗ್ಗೆ ಊಟದ ಮೇಜಿನ ಮೇಲೆ ಎಲ್ಲ ಹರಡಿಕೊಂಡು ಕೂತಿದ್ದ.

“ಮಾಮ, ಕೋಡ್ ಸರಿ ಇದೆ. ಮೂರು ಸಲ ನೋಡಿದೆ. ಆದ್ರೂ ಮೋಟಾರು ತಿರುಗ್ತಿಲ್ಲ, ಸುಮ್ನೆ ನಡುಗ್ತಿದೆ.”

ಕೋಡ್ ನಿಜಕ್ಕೂ ಸರಿಯಾಗಿತ್ತು. ಮೋಟಾರಿಗೆ ಸೆಲ್‌ಗಳಿಂದ ಕರೆಂಟು ಕೊಟ್ಟಿದ್ದ, ಬೋರ್ಡಿಗೆ ಲ್ಯಾಪ್‌ಟಾಪಿನಿಂದ. ಎರಡರ ನಡುವೆ ಇದ್ದದ್ದು ಒಂದೇ ತಂತಿ, ಕಿತ್ತಳೆ ಬಣ್ಣದ ಸಿಗ್ನಲ್ ತಂತಿ. ಸೆಲ್ ಡಬ್ಬಿಯ ಮೈನಸ್ ತುದಿಯಿಂದ ಬೋರ್ಡಿನ ಜಿಎನ್‌ಡಿ ಎಂದು ಬರೆದ ಪಿನ್ನಿಗೆ ಇನ್ನೊಂದು ಕಪ್ಪು ತಂತಿ ಸಿಕ್ಕಿಸಿದೆವು. ಮೋಟಾರು ನಡುಕ ಬಿಟ್ಟು ನೇರ 90 ಡಿಗ್ರಿಗೆ ಹೋಗಿ ನಿಂತಿತು.

ಬೋರ್ಡಿಗೆ ಮಾಡ್ಯೂಲ್ ಜೋಡಿಸಲು ಹೊರಟ ಹೊಸಬರಿಗೆ ನಾನು ಮೊದಲು ಹೇಳುವುದು ಈ ಕಪ್ಪು ತಂತಿಯ ವಿಷಯವನ್ನೇ. ವೋಲ್ಟೇಜ್ ಎಂಬುದು ಒಂದು ಜಾಗದಲ್ಲಿ ತಾನೇ ತಾನಾಗಿ ಇರುವ ವಸ್ತುವಲ್ಲ, ಎರಡು ಜಾಗಗಳ ನಡುವಿನ ವ್ಯತ್ಯಾಸ. ಮಹಡಿಯ ಮೇಲೆ ನಿಂತವನು ‘ಐದಡಿ ಎತ್ತರದಲ್ಲಿ ಮೊಳೆ ಹೊಡೆದಿದ್ದೇನೆ’ ಎಂದರೆ ಕೆಳಗಿನ ಮನೆಯವನು ಯಾವ ನೆಲದಿಂದ ಅಳೆಯಬೇಕು? ಬೋರ್ಡು ತನ್ನ ನೆಲದಿಂದ 5 ವೋಲ್ಟ್ ಎತ್ತಿ ತೋರಿಸುತ್ತದೆ, ಮೋಟಾರು ತನ್ನ ನೆಲದಿಂದ ಅಳೆಯುತ್ತದೆ. ಎರಡೂ ನೆಲ ಒಂದೇ ಆಗದೆ ಆ ಮಾತು ತಲುಪುವುದಿಲ್ಲ. ಹೋದ ಕರೆಂಟು ಹಿಂತಿರುಗಿ ಬರಲಿಕ್ಕೂ ದಾರಿ ಬೇಕು, ಅದೂ ಇದೇ ತಂತಿ. ಗ್ರೌಂಡ್ ಎಂಬ ಹೆಸರು ಎಷ್ಟು ಸರಿಯಾಗಿದೆ ಅನ್ನಿಸುತ್ತದೆ ನನಗೆ. ಕೆಲವು ಉದ್ದನೆಯ ಬ್ರೆಡ್‌ಬೋರ್ಡುಗಳಲ್ಲಿ (ತಂತಿ ಸಿಕ್ಕಿಸುವ ತೂತಿನ ಹಲಗೆಗಳಲ್ಲಿ) ಅಂಚಿನ ಉದ್ದ ಸಾಲು ನಡುವೆ ತುಂಡಾಗಿರುತ್ತದೆ. ಅಲ್ಲಿಯೂ ಗ್ರೌಂಡ್ ಕಳೆದುಹೋಗುತ್ತದೆ. ಹಾಗಾಗಿ ಮಲ್ಟಿಮೀಟರನ್ನು ‘ಬೀಪ್’ಗೆ ಇಟ್ಟು ಈ ತುದಿಯಿಂದ ಆ ತುದಿಗೆ ಮುಟ್ಟಿಸಿ ನೋಡುವುದು ಒಳ್ಳೆಯದು.

ಆರ್ಡುಯಿನೋ ಬೋರ್ಡು ಹುಟ್ಟಿದ್ದೇ ಕಲಿಯುವವರಿಗಾಗಿ. 2005ರಲ್ಲಿ ಇಟಲಿಯ ಇವ್ರಿಯಾ ಊರಿನ ವಿನ್ಯಾಸ ಶಾಲೆಯೊಂದರಲ್ಲಿ, ಎಲೆಕ್ಟ್ರಾನಿಕ್ಸ್ ಗೊತ್ತಿಲ್ಲದ ವಿದ್ಯಾರ್ಥಿಗಳ ಕೈಗೆಟಕುವಂತೆ ಇದನ್ನು ಮಾಡಿದರು. ಹೆಸರು ಆ ಊರಿನ ಬಾರ್ ಒಂದರದು, ಆ ಬಾರಿನ ಹೆಸರು ಸಾವಿರ ವರ್ಷ ಹಿಂದಿನ ಆರ್ಡುಯಿನೋ ಎಂಬ ರಾಜನದು.

ಹುಡುಗ ಸರ್ವೋಗೆ ಬೇರೆ ಸೆಲ್ ಕೊಟ್ಟಿದ್ದು ಮಾತ್ರ ಜಾಣತನ. ಉನೋದ ಒಂದು ಪಿನ್ನು 20 ಮಿಲಿಆಂಪಿಯರ್ ಆರಾಮಾಗಿ ಕೊಡಬಲ್ಲದು, 40 ಅದರ ಕಟ್ಟಕಡೆಯ ಮಿತಿ. ಎಲ್ಇಡಿಗೆ ಅಷ್ಟು ಸಾಕು, ಮೋಟಾರಿಗೆ ಸಾಲದು. ಪುಟ್ಟ ಸರ್ವೋ ಕೂಡ ಸಿಕ್ಕಿಹಾಕಿಕೊಂಡಾಗ ನೂರಾರು ಮಿಲಿಆಂಪಿಯರ್ ಎಳೆಯುತ್ತದೆ. ಅದನ್ನು ಬೋರ್ಡಿನಿಂದಲೇ ಕೊಡಲು ಹೋದರೆ ವೋಲ್ಟೇಜ್ ಕುಸಿದು ಬೋರ್ಡು ಮತ್ತೆ ಮತ್ತೆ ಹೊಸದಾಗಿ ಶುರುವಾಗುತ್ತದೆ. ಪಿನ್ನಿನ ಕೆಲಸ ಅಪ್ಪಣೆ ಕೊಡುವುದು, ದುಡಿಯುವ ಶಕ್ತಿ ಬೇರೆ ಕಡೆಯಿಂದ ಬರಬೇಕು.

ಮಧ್ಯಾಹ್ನ ಅವನು ಚೀಲದಿಂದ ತೆಗೆದದ್ದು ಎರಡು ಕಣ್ಣಿನಂತೆ ಕಾಣುವ ಎಚ್‌ಸಿ-ಎಸ್‌ಆರ್04, ಶ್ರವಣಾತೀತ ಶಬ್ದದಿಂದ ದೂರ ಅಳೆಯುವ ಮಾಡ್ಯೂಲು. ತಾರಸಿಯ ಟ್ಯಾಂಕಿನಲ್ಲಿ ನೀರೆಷ್ಟಿದೆ ಎಂದು ಕೆಳಗಿನಿಂದಲೇ ತಿಳಿಯಬೇಕೆಂಬುದು ಅವನ ಆಸೆ. ಇದಕ್ಕೆ ನಾಲ್ಕು ಕಾಲು. ವಿಸಿಸಿಗೆ 5 ವೋಲ್ಟ್, ಜಿಎನ್‌ಡಿಗೆ ನಮ್ಮ ಕಪ್ಪು ತಂತಿ. ‘ಟ್ರಿಗ್’ ಕಾಲನ್ನು ಒಂದು ಸೆಕೆಂಡಿನ ಲಕ್ಷದ ಒಂದು ಪಾಲು, ಅಂದರೆ 10 ಮೈಕ್ರೋಸೆಕೆಂಡು, ಮೇಲೆತ್ತಿ ಇಳಿಸಿದರೆ ಒಂದು ಕಣ್ಣು 40 ಕಿಲೋಹರ್ಟ್ಸಿನ ಎಂಟು ಮಿಡಿತ ಹೊರಡಿಸುತ್ತದೆ. ನಮ್ಮ ಕಿವಿ ಸುಮಾರು 20 ಕಿಲೋಹರ್ಟ್ಸಿಗೇ ನಿಲ್ಲುತ್ತದಾದ್ದರಿಂದ ಕೋಣೆ ನಿಶ್ಶಬ್ದವಾಗಿಯೇ ಇರುತ್ತದೆ. ಶಬ್ದ ಹೋಗಿ ತಾಗಿ ಮರಳುವಷ್ಟು ಹೊತ್ತು ‘ಎಕೋ’ ಕಾಲು ಮೇಲೆದ್ದಿರುತ್ತದೆ. ಬೋರ್ಡು ಆ ಹೊತ್ತನ್ನು ಎಣಿಸಿ 58ರಿಂದ ಭಾಗಿಸಿದರೆ ಸೆಂಟಿಮೀಟರು ಸಿಕ್ಕಿತು. ಒಂದು ಸೆಂಟಿಮೀಟರು ಹೋಗಿ ಬರಲು ಶಬ್ದಕ್ಕೆ ಸುಮಾರು 58 ಮೈಕ್ರೋಸೆಕೆಂಡು ಬೇಕು. ಶಾಲೆಯಲ್ಲಿ ಬಾಯಿಪಾಠ ಮಾಡಿದ ಸೆಕೆಂಡಿಗೆ 343 ಮೀಟರು ಇಲ್ಲಿ ಅಡಗಿ ಕೂತಿದೆ.

ಇದೇ ಮಾಡ್ಯೂಲನ್ನು ವೈಫೈ ಇರುವ ಇಎಸ್‌ಪಿ32 ಬೋರ್ಡಿಗೆ ಹಾಕುವವರು ಜೋಪಾನ. ಆ ಬೋರ್ಡಿನ ಪಿನ್ನುಗಳಿಗೆ 3.3 ವೋಲ್ಟ್ ಮಿತಿ, ಎಕೋ ಕಾಲು ಕೊಡುವುದು 5. ಎಕೋ ಮತ್ತು ಪಿನ್ನಿನ ನಡುವೆ 1 ಕಿಲೋಓಮ್, ಪಿನ್ನಿನಿಂದ ಗ್ರೌಂಡಿಗೆ 2 ಕಿಲೋಓಮ್ ರೆಸಿಸ್ಟರ್ ಹಾಕಿದರೆ ಮೂರರಲ್ಲಿ ಎರಡು ಪಾಲು, ಅಂದರೆ 3.3 ವೋಲ್ಟ್ ಮಾತ್ರ ಒಳಗೆ ಹೋಗುತ್ತದೆ.

ಅಂಕಿ ತೋರಿಸಲು ಹದಿನಾರು ಅಕ್ಷರ, ಎರಡು ಸಾಲಿನ ಎಲ್‌ಸಿಡಿ ಜೋಡಿಸಿದೆವು. ಬೆನ್ನಿಗೆ ಐ2ಸಿ ಚಿಪ್ಪು ಅಂಟಿರುವಂಥದ್ದೇ ಕೊಳ್ಳಬೇಕು. ಹತ್ತಾರು ತಂತಿಯ ಜಾಗದಲ್ಲಿ, ಕರೆಂಟು ಮತ್ತು ಗ್ರೌಂಡ್ ತಂತಿ ಬಿಟ್ಟರೆ, ಎಸ್‌ಡಿಎ, ಎಸ್‌ಸಿಎಲ್ ಎಂಬ ಎರಡೇ ಸಾಕು, ಉನೋದಲ್ಲಿ ಎ4 ಮತ್ತು ಎ5. 1980ರ ದಶಕದ ಮೊದಲಲ್ಲಿ ಫಿಲಿಪ್ಸ್ ಕಂಪನಿ ರೂಪಿಸಿದ ಈ ಪದ್ಧತಿಯಲ್ಲಿ ಪ್ರತಿ ಮಾಡ್ಯೂಲಿಗೂ ಮನೆ ನಂಬರಿನಂತೆ ಒಂದು ವಿಳಾಸವಿರುತ್ತದೆ. ಒಂದೇ ಜೋಡಿ ತಂತಿಯಲ್ಲಿ ಹಲವರು ಕೂತಿದ್ದರೂ ಕರೆದವರು ಮಾತ್ರ ಓಗೊಡುತ್ತಾರೆ. ದೀಪ ಹತ್ತಿದರೂ ಅಕ್ಷರ ಕಾಣದಿದ್ದರೆ ಪರದೆ ಕೆಟ್ಟಿದೆಯೆಂದು ಎಸೆಯಬೇಡಿ. ಹಿಂದಿರುವ ನೀಲಿ ಚೌಕದ ಸ್ಕ್ರೂವನ್ನು ಮೆಲ್ಲಗೆ ತಿರುಗಿಸಿ, ಎಷ್ಟೋ ಸಲ ಅಕ್ಷರ ಅಲ್ಲೇ ಮೂಡುತ್ತದೆ.

ಮೂರು ಗಂಟೆಯ ಬಿಸಿಲಿನಲ್ಲಿ ತಾರಸಿಗೆ ಹತ್ತಿ ಟ್ಯಾಂಕಿನ ಬಾಯಿಗೆ ಮಾಡ್ಯೂಲ್ ಹಿಡಿದೆವು. ಪರದೆಯಲ್ಲಿ 62 ಬಂತು. ಅಮ್ಮ ಅಷ್ಟಕ್ಕೆ ಒಪ್ಪಲಿಲ್ಲ, ಹೊಲಿಗೆ ಟೇಪಿಗೆ ಕಲ್ಲು ಕಟ್ಟಿ ಇಳಿಸಿದರು. “63 ಇದೆಯಲ್ಲೋ” ಎಂದರು. ಹುಡುಗನ ಮುಖ ಸಣ್ಣದಾಯಿತು. ಮತ್ತೆ ಕಪ್ಪು ತಂತಿ ಮುಟ್ಟಿ ನೋಡಿದ, ಗಟ್ಟಿಯಾಗಿಯೇ ಇತ್ತು.

343 ಎಂಬುದು 20 ಡಿಗ್ರಿ ಸೆಲ್ಸಿಯಸ್ಸಿನ ಗಾಳಿಯ ಲೆಕ್ಕ. ಒಂದೊಂದು ಡಿಗ್ರಿ ಏರಿದಾಗಲೂ ಶಬ್ದ ಸೆಕೆಂಡಿಗೆ ಸುಮಾರು 0.6 ಮೀಟರು ಹೆಚ್ಚು ಓಡುತ್ತದೆ. ಕಾದ ಟ್ಯಾಂಕಿನೊಳಗೆ ಅದು ಬೇಗ ಮರಳಿತ್ತು, ನೀರು ಹತ್ತಿರವಿದ್ದಂತೆ ಕಂಡಿತ್ತು. ಅವನು ಅಲ್ಲೇ ನೆರಳಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೋಡಿನಲ್ಲಿ 58ರ ಬದಲು 30 ಡಿಗ್ರಿಗೆ ಹೊಂದುವ 349ರ ಲೆಕ್ಕ ಬರೆದು ಬೋರ್ಡಿಗೆ ಹಾಕಿದ. ಪರದೆ ಒಮ್ಮೆ ಮಿಟುಕಿ 63 ತೋರಿಸಿತು. ಅಮ್ಮ ಟೇಪನ್ನು ಸುತ್ತಿಟ್ಟುಕೊಂಡರು.