ಜೋಳಿಗೆಯೇ ಮೊದಲ ಪಾಠ: ನೀಲಗಾರ ದೀಕ್ಷೆ ಎಂದರೇನು?

ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯ ಕಾಡಂಚಿನಿಂದ ಕೆ.ಆರ್. ನಗರದ ಕಡೆಗೆ, ಕಾವೇರಿ ಬಯಲಿನತ್ತ ಸಾಗಿದರೆ ಕಪ್ಪಡಿ ಕ್ಷೇತ್ರ ಸಿಗುತ್ತದೆ. ಮಂಟೇಸ್ವಾಮಿ ಪರಂಪರೆಗೆ ಸೇರಿದ ರಾಚಪ್ಪಾಜಿ ಮತ್ತು ಚನ್ನಾಜಮ್ಮನವರ ಗದ್ದುಗೆಗಳು ಇರುವುದು ಇಲ್ಲಿಯೇ. ಮಹಾಶಿವರಾತ್ರಿಯಂದು ಇಲ್ಲಿ ಜಾತ್ರೆ ಆರಂಭವಾಗುತ್ತದೆ. ಹಣೆಗೆ ಕಪ್ಪು ಧೂಳ್ತ, ಕೊರಳಲ್ಲಿ ರುದ್ರಾಕ್ಷಿ, ಹೆಗಲಲ್ಲಿ ಜೋಳಿಗೆ, ಕೈಯಲ್ಲಿ ತಂಬೂರಿ ಹಿಡಿದು ಹಾಡುತ್ತಾ ಬರುವವರನ್ನು ನೀಲಗಾರರೆಂದು ಕರೆಯುತ್ತಾರೆ.

ನಗರದ ಓದುಗರು ನೀಲಗಾರರನ್ನು ಜನಪದ ಕಲಾವಿದರೆಂದು ಬಲ್ಲರು. ಆದರೆ ಹಾಡು ಬಲ್ಲವರೆಲ್ಲರೂ ನೀಲಗಾರರಾಗುವುದಿಲ್ಲ. ನೀಲಗಾರನೆನಿಸಿಕೊಳ್ಳಲು ದೀಕ್ಷೆ ಪಡೆಯಬೇಕು. ದೀಕ್ಷೆ ಪಡೆದವನು ಒಂದು ಗುರುಪರಂಪರೆಗೆ ಮತ್ತು ಅದರ ನಡಾವಳಿಗೆ ಬದ್ಧನಾಗುತ್ತಾನೆ. ರಕ್ತಸಂಬಂಧವಿಲ್ಲದವರೂ ಒಬ್ಬನೇ ಗುರುವಿನ ಮಕ್ಕಳಾಗುವ ಸೋದರ ಸಮುದಾಯವಿದು.

ಯಾರು ಸೇರುತ್ತಾರೆ?

ಮೈಸೂರು, ಮಂಡ್ಯ, ಚಾಮರಾಜನಗರ ಜಿಲ್ಲೆಗಳಲ್ಲಿ ಮಂಟೇಸ್ವಾಮಿಯ ಒಕ್ಕಲು ಮನೆತನಗಳು ಹರಡಿಕೊಂಡಿವೆ. ಮನೆಯ ಗಂಡುಮಕ್ಕಳಲ್ಲಿ ಒಬ್ಬನನ್ನು ಗುರುವಿಗೆ ಒಪ್ಪಿಸುವ ಪದ್ಧತಿ ಈ ಮನೆಗಳಲ್ಲಿ ಬೆಳೆದುಬಂದಿದೆ. ಹರಕೆ ಹೊತ್ತು ಮಗನನ್ನು ನೀಲಗಾರನನ್ನಾಗಿ ಬಿಡುವವರೂ ಇದ್ದಾರೆ. ನೀಲಗಾರರಲ್ಲಿ ದಲಿತ ಸಮುದಾಯದವರ ಸಂಖ್ಯೆ ಹೆಚ್ಚು. ಆದರೂ ಈ ಪರಂಪರೆ ಒಂದೇ ಜಾತಿಯ ಸೊತ್ತಲ್ಲ. ಬೇರೆ ಬೇರೆ ಜಾತಿಗಳವರು ಇದರ ಒಕ್ಕಲಾಗಿದ್ದಾರೆ.

ಪರಂಪರೆಯ ಮತ್ತೊಂದು ಪ್ರಮುಖ ಕ್ಷೇತ್ರ ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರು. ಅಲ್ಲಿ ಸಿದ್ದಪ್ಪಾಜಿಯ ಗದ್ದುಗೆ ಇದೆ. ಐದು ದಿನಗಳ ಜಾತ್ರೆ ಚಂದ್ರಮಂಡಲ ಹೊತ್ತಿಸುವುದರೊಂದಿಗೆ ಆರಂಭವಾಗುತ್ತದೆ. ನಡುವೆ ಬರುವ ಮುಡಿಸೇವೆಯ ದಿನಕ್ಕೂ ನೀಲಗಾರರ ದೀಕ್ಷೆಗೂ ನಂಟಿದೆ.

ಬೇಡುವುದೇ ಪರೀಕ್ಷೆ

ದೀಕ್ಷೆಯ ಅರ್ಥವನ್ನು ತಿಳಿಯಲು ನೀಲಗಾರರು ಹಾಡುವ ಕಾವ್ಯದ ಮೊರೆ ಹೋಗಬೇಕು. ಮಂಟೇಸ್ವಾಮಿಯನ್ನು 'ಧರೆಗೆ ದೊಡ್ಡವರು' ಎಂದು ಕರೆಯುವ ಈ ಮೌಖಿಕ ಕಾವ್ಯ ಹಲವು 'ಸಾಲು'ಗಳಲ್ಲಿ ಹರಡಿಕೊಂಡಿದೆ. ಕಲ್ಯಾಣದ ಸಾಲಿನಲ್ಲಿ ಮಂಟೇಸ್ವಾಮಿ ಜನ ಹೇಸುವ ರೂಪದಲ್ಲಿ ಬಸವಣ್ಣನ ಬಾಗಿಲಿಗೆ ಬರುತ್ತಾರೆ. ಬಾಹ್ಯ ರೂಪವನ್ನಷ್ಟೇ ಕಂಡವರು ಆ ಪರೀಕ್ಷೆಯಲ್ಲಿ ಸೋಲುತ್ತಾರೆ.

ಕೆಂಪಾಚಾರಿಯ ಸಾಲು ಹೊಸ ಶಿಷ್ಯನ ಕಥೆಯೇ ಆಗಿದೆ. ಕುಲುಮೆಯ ಮನೆಯಲ್ಲಿ ಹುಟ್ಟಿದ ಬಾಲಕನನ್ನು ಮಂಟೇಸ್ವಾಮಿ 'ಶಿಶುಮಗ'ನನ್ನಾಗಿ ಬೇಡುತ್ತಾರೆ. ಹೆತ್ತವರು ಸುಲಭವಾಗಿ ಒಪ್ಪುವುದಿಲ್ಲ. ಕಠಿಣ ಪರೀಕ್ಷೆಗಳನ್ನು ದಾಟಿದ ಬಳಿಕ ಆ ಬಾಲಕ ಸಿದ್ದಪ್ಪಾಜಿಯಾಗುತ್ತಾನೆ. ಆಗ ಗುರು ಅವನನ್ನು ಹಲಗೂರಿನ ಪಾಂಚಾಳರ ಬಳಿಗೆ ಕಬ್ಬಿಣದ ಭಿಕ್ಷೆ ಬೇಡಲು ಕಳುಹಿಸುತ್ತಾರೆ. ಕಬ್ಬಿಣದ ಕುಲದಲ್ಲಿ ಹುಟ್ಟಿದವನು ಆ ಕುಲದವರ ಮುಂದೆಯೇ ಕಬ್ಬಿಣಕ್ಕಾಗಿ ಕೈಯೊಡ್ಡಬೇಕು. ಅವರ ಅವಮಾನವನ್ನೂ ಸಹಿಸಬೇಕು.

ಹೊಸ ನೀಲಗಾರನ ಹೆಗಲಿಗೆ ಬರುವ ಜೋಳಿಗೆಯ ಅರ್ಥ ಈ ಕಥೆಯಲ್ಲಿ ಅಡಗಿದೆ. ಮನೆಯಲ್ಲಿ ಅನ್ನಕ್ಕೆ ಕೊರತೆಯಿರಲಿ, ಇಲ್ಲದಿರಲಿ, ದೀಕ್ಷೆ ಪಡೆದವನು ಗುರುವಿನ ಹೆಸರಿನಲ್ಲಿ ಭಿಕ್ಷೆ ಬೇಡಬೇಕು. ತಾನು ಇಂಥವನೆಂಬ ಹಮ್ಮನ್ನು ಮೊದಲು ಇಳಿಸಬೇಕೆಂಬುದು ಅದರ ತಾತ್ಪರ್ಯ.

ಇಂತಹ ಆಶಯ ಜಗತ್ತಿನ ಇತರ ಸೋದರ ಸಂಘಗಳಲ್ಲಿಯೂ ಕಾಣುತ್ತದೆ. 1717ರಲ್ಲಿ ಲಂಡನ್ನಿನಲ್ಲಿ ತನ್ನ ಮೊದಲ ಗ್ರ್ಯಾಂಡ್ ಲಾಡ್ಜ್ ಸ್ಥಾಪಿಸಿಕೊಂಡ ಫ್ರೀಮೇಸನ್ ಸಂಘಕ್ಕೆ ಭಾರತದಲ್ಲಿ 1961ರಿಂದ ಸ್ವತಂತ್ರ ಗ್ರ್ಯಾಂಡ್ ಲಾಡ್ಜ್ ಇದೆ. ಅಲ್ಲಿ ಹೊಸಬನನ್ನು ಹಣ, ಲೋಹದ ವಸ್ತುಗಳನ್ನೆಲ್ಲ ತೆಗೆದಿರಿಸಿ ಒಳಗೆ ಕರೆದೊಯ್ಯುವುದು ವಾಡಿಕೆ. ಬಳಿಕ ಅವನಲ್ಲಿ ದಾನ ಕೇಳುತ್ತಾರೆ. ಕೊಡಲು ಏನೂ ಇಲ್ಲದ ಸ್ಥಿತಿ ಅವನ ಅನುಭವಕ್ಕೆ ಬರಲಿ ಎಂಬುದು ಉದ್ದೇಶ. ಲಾಡ್ಜ್‌ನಲ್ಲಿ ಆ ಬರಿಗೈ ಒಂದು ಸಂಜೆಯ ಸಂಕೇತ. ನೀಲಗಾರನಿಗೆ ಜೋಳಿಗೆ ಬಾಳಿನುದ್ದಕ್ಕೂ ಬರುವ ವ್ರತ.

ದೀಕ್ಷೆಯ ನಂತರದ ಕಲಿಕೆ

ದೀಕ್ಷೆ ಒಂದೇ ದಿನದಲ್ಲಿ ಮುಗಿಯಬಹುದು. ಹಾಡು ಹಾಗೆ ಬರುವುದಿಲ್ಲ. ಮುಖ್ಯ ಗಾಯಕ ತಂಬೂರಿ ಮೀಟುತ್ತಾ, ಗಗ್ಗರ ನುಡಿಸುತ್ತಾ ಕಥೆ ಹೇಳಿದರೆ ಹಿಮ್ಮೇಳದವರು ಡಕ್ಕೆ, ತಾಳ ಹಿಡಿದು ಸೊಲ್ಲು ಕೂಡಿಸುತ್ತಾರೆ. ಹೊಸಬನ ಪಾಠಶಾಲೆ ಈ ಹಿಮ್ಮೇಳವೇ. ರಾತ್ರಿಯಿಡೀ ನಡೆಯುವ ಕಥೆಗಳಲ್ಲಿ ಹಿರಿಯರ ಪಕ್ಕ ಕುಳಿತು, ಕೇಳುತ್ತಾ ಕೇಳುತ್ತಾ ಸಾಲುಗಳನ್ನು ಮೈಗೂಡಿಸಿಕೊಳ್ಳಬೇಕು. ವಿದ್ವಾಂಸರು ಸಂಗ್ರಹಿಸಿದ ಪಾಠಗಳು ಅಚ್ಚಾಗಿವೆ, ಎಚ್.ಎಸ್. ಶಿವಪ್ರಕಾಶ್ ಅವರ 'ಮಂಟೇಸ್ವಾಮಿ ಕಥಾಪ್ರಸಂಗ' ರಂಗಭೂಮಿಯಲ್ಲಿ ಹೆಸರು ಮಾಡಿದೆ. ಆದರೆ ಎಲ್ಲಿ ನಿಲ್ಲಿಸಬೇಕು, ಕೇಳುಗರ ಮುಖ ನೋಡಿ ಯಾವ ಸಾಲನ್ನು ಹಿಗ್ಗಿಸಬೇಕು ಎಂಬುದನ್ನು ಪುಸ್ತಕ ಕಲಿಸಲಾರದು.

ಪರಂಪರೆಯ ಮುಂದಿರುವ ಪ್ರಶ್ನೆಯೂ ಇಲ್ಲಿಯೇ ಇದೆ. ಶಾಲೆ, ಉದ್ಯೋಗ, ನಗರದ ಬದುಕಿನ ನಡುವೆ ರಾತ್ರಿಯಿಡೀ ಹಿಮ್ಮೇಳದಲ್ಲಿ ಕೂರಲು ಯುವಕರಿಗೆ ಬಿಡುವು ದೊರೆಯದು. ಭಿಕ್ಷೆಯನ್ನು ಹಿರಿಯರು ವ್ರತವೆಂದು ಭಾವಿಸಿದರೆ, ಜಾತಿಯ ಕಾರಣಕ್ಕೆ ನೋವುಂಡ ಮನೆಯ ವಿದ್ಯಾವಂತ ಮಗನಿಗೆ ಪರರ ಬಾಗಿಲಲ್ಲಿ ಜೋಳಿಗೆ ಹಿಡಿದು ನಿಲ್ಲುವುದು ಅಪಮಾನವೆನಿಸಬಹುದು. ಅವನ ಅಳುಕನ್ನು ಅಸಡ್ಡೆಯೆಂದು ತಳ್ಳಿಹಾಕುವಂತಿಲ್ಲ. ಎಳೆಯ ವಯಸ್ಸಿನಲ್ಲಿ ಹರಕೆಗೆ ಒಪ್ಪಿಸಲ್ಪಟ್ಟವನು ಬೆಳೆದ ಮೇಲೆ ಅದನ್ನು ಸ್ವಇಚ್ಛೆಯಿಂದ ಸ್ವೀಕರಿಸುವನೇ ಎಂಬುದೂ ಯೋಚಿಸಬೇಕಾದ ವಿಷಯ.

ಹಾಡು ಕಲಿಯದಿದ್ದರೂ ಧೂಳ್ತ, ರುದ್ರಾಕ್ಷಿ, ಜೋಳಿಗೆಗಳಿಂದ ದೀಕ್ಷೆಯ ವಿಧಿ ಪೂರ್ಣವಾಗುತ್ತದೆ. ಆದರೆ ಹಾಡುವವರು ಕಡಿಮೆಯಾದರೆ ಆ ಜೋಳಿಗೆಯ ಅರ್ಥವನ್ನು ಹೇಳುವ ಕಥೆಯೇ ಮೌನವಾಗುತ್ತದೆ. ಆದ್ದರಿಂದ ಹೊಸ ನೀಲಗಾರನ ಪಾಲಿಗೆ ದೀಕ್ಷೆ ಬಾಗಿಲಷ್ಟೇ. ಆ ಬಾಗಿಲನ್ನು ದಾಟಿದವನಿಗೆ ಹಿರಿಯರ ಪಕ್ಕದಲ್ಲಿ ಕೂರಲು ಸ್ಥಳವೂ, ಕಲಿಯಲು ಕಾಲವೂ, ತಲೆಯೆತ್ತಿ ಹಾಡುವ ಗೌರವವೂ ದೊರೆತಾಗಲೇ ಪರಂಪರೆ ಮುಂದುವರಿಯುತ್ತದೆ.