ತಂತಿ ಸುತ್ತದ ಮೋಟಾರು

ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್ ಮಾಡುವ ಕೊಡಂಬಲದ ಓದುಗರೊಬ್ಬರು ಕೇಳಿದ್ದಾರೆ: "ಕೂದಲೆಳೆಯಷ್ಟು ಸಣ್ಣ ಮೋಟಾರ್ ಅದಾವಂತಲ್ರಿ, ಅದಕ್ಕ ತಂತಿ ಯಾರು ಸುತ್ತತಾರ್ರಿ?" ತಾಮ್ರದ ತಂತಿಯಲ್ಲಿ ಕೈ ಪಳಗಿದವರಿಗೇ ಹೊಳೆಯುವ ಪ್ರಶ್ನೆ! ಯಾರೂ ಸುತ್ತುವುದಿಲ್ಲ. ಅದರೊಳಗೆ ಸುರುಳಿಯೂ ಇಲ್ಲ, ಆಯಸ್ಕಾಂತವೂ ಇಲ್ಲ.

ಮೋಟಾರೆಂದರೆ ಆಯಸ್ಕಾಂತವೇ ಎಂಬ ನಂಬಿಕೆ ಶಾಲೆಯಲ್ಲೇ ಬೇರೂರಿರುತ್ತದೆ. ಆದರೆ ಗಾತ್ರ ಕುಗ್ಗಿದಂತೆ ಸುರುಳಿಯ ಬಲ ಬೇಗ ಸೋರಿಹೋಗುತ್ತದೆ. ಆಗ ಕೈಹಿಡಿಯುವುದು ಸ್ಥಾಯಿ ವಿದ್ಯುತ್ತಿನ ಸೆಳೆತ. ಬೀದರ ಕಡೆ ಚಳಿಗಾಲದ ಒಣಹವೆಯಲ್ಲಿ ಸ್ವೆಟರ್ ಕಳಚುವಾಗ ಚಟಪಟ ಕಿಡಿ ಹಾರುತ್ತದಲ್ಲ, ಅದೇ ವಿದ್ಯುತ್ತು.  

ದೊಡ್ಡ ಯಂತ್ರಗಳಲ್ಲಿ ಈ ಕಿಡಿಯೇ ಅಡ್ಡಿ. ಸೆಂಟಿಮೀಟರಿಗೆ ಸುಮಾರು 30,000 ವೋಲ್ಟ್ ದಾಟಿತೋ, ವಿದ್ಯುತ್ತು ಗಾಳಿಯನ್ನು ಸೀಳಿಕೊಂಡು ಹರಿದುಬಿಡುತ್ತದೆ. ಸೆಳೆತ ಅಲ್ಲಿಗೆ ಮುಗಿಯಿತು. ಎರಡು ವಿದ್ಯುದ್ವಾರಗಳ ನಡುವಣ ಸಂದು ಎರಡು ಮೈಕ್ರಾನಿಗೆ ಇಳಿದಾಗ ನಡೆಯುವುದೇ ಬೇರೆ! ಕಿಡಿ ಹುಟ್ಟಬೇಕಾದರೆ ಓಡುವ ಎಲೆಕ್ಟ್ರಾನು ಗಾಳಿಯ ಅಣುವಿಗೆ ಬಡಿದು ಇನ್ನೊಂದನ್ನು ಬಿಡಿಸಬೇಕು, ಎರಡು ನಾಲ್ಕಾಗಬೇಕು, ಊರಲ್ಲಿ ಸುದ್ದಿ ಹಬ್ಬಿದ ಹಾಗೆ. ಒಂದು ಡಿಕ್ಕಿಗೂ ಮುಂದಿನದಕ್ಕೂ ನಡುವೆ ಸುಮಾರು ಅರ್ಧ ಮೈಕ್ರಾನ್ ಓಟವಿದೆ. ಹಾಗಾಗಿ ನಾಲ್ಕೈದು ಡಿಕ್ಕಿ ಆಗುವಷ್ಟರಲ್ಲಿ ಎದುರಿನ ಗೋಡೆಯೇ ಬಂದುಬಿಡುತ್ತದೆ. ಸುದ್ದಿ ಹಬ್ಬಲು ಜಾಗವೇ ಇಲ್ಲ. ಅಲ್ಲಿ 200 ವೋಲ್ಟ್ ಹಾಕಿದರೆ ಸೆಂಟಿಮೀಟರಿಗೆ ಹತ್ತು ಲಕ್ಷ ವೋಲ್ಟಿನ ಲೆಕ್ಕವಾಯಿತು, ಆದರೂ ಗಾಳಿ ತಡೆದುಕೊಳ್ಳುತ್ತದೆ! ಸೆಳೆತ ಸೆಂಟಿಮೀಟರಿಗಿಷ್ಟು ವೋಲ್ಟ್ ಎಂಬುದರ ವರ್ಗದ ಲೆಕ್ಕದಲ್ಲಿ ಏರುವುದರಿಂದ, ದೊಡ್ಡ ಯಂತ್ರಕ್ಕಿಂತ ಅಷ್ಟೇ ಮೇಲ್ಮೈಯಲ್ಲಿ ಬಲ ಸುಮಾರು ಸಾವಿರ ಪಟ್ಟು. ಒತ್ತಡ, ಅಂತರಗಳನ್ನು ಬದಲಿಸುತ್ತ ಕಿಡಿಯನ್ನು ಅಳೆದು ಜರ್ಮನಿಯ ಪಾಶೆನ್ ಇದರ ನಿಯಮ ಕೊಟ್ಟದ್ದು 1889ರಲ್ಲೇ.

1988ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಫ್ಯಾನ್, ತಾಯ್, ಮುಲ್ಲರ್ ಎಂಬ ಸಂಶೋಧಕರು ಸುಮಾರು 0.1 ಮಿ.ಮೀ. ಅಗಲದ ಸಿಲಿಕಾನ್ ಚಕ್ರವನ್ನು ತಿರುಗಿಸಿದರು. ಬಿಡಿಭಾಗ ಜೋಡಿಸುವ ಮಾತೇ ಇಲ್ಲ. ಪದರದ ಮೇಲೆ ಪದರ ಬೆಳೆಸಿ, ನಡುವಣ ಗಾಜಿನ ಪದರವನ್ನು ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಕರಗಿಸಿದರೆ ಚಕ್ರ ತಾನೇ ಸಡಿಲಾಗುತ್ತದೆ. ಸುತ್ತಲಿನ ವಿದ್ಯುದ್ವಾರಗಳಿಗೆ ಸರದಿಯಲ್ಲಿ ವೋಲ್ಟೇಜ್ ಕೊಟ್ಟರೆ ತಿರುಗುತ್ತದೆ.

ತೊಡಕು ಘರ್ಷಣೆಯದು. ಅಷ್ಟು ಚಿಕ್ಕದರಲ್ಲಿ ತೂಕಕ್ಕಿಂತ ಅಂಟುವಿಕೆಯೇ ಹೆಚ್ಚು. ಆಮ್ಲವನ್ನು ತೊಳೆದ ನೀರು ಆರುವಾಗಲೇ ಚಕ್ರವನ್ನು ತಳಕ್ಕೆಳೆದು ಅಂಟಿಸಿಬಿಡಬಲ್ಲದು. ಅದಕ್ಕೇ 1989ರಲ್ಲಿ ಬರ್ಕ್ಲಿಯ ಇನ್ನೊಂದು ತಂಡ ತಿರುಗುವ ಗೊಡವೆಯನ್ನೇ ಬಿಟ್ಟು, ಸಿಲಿಕಾನಿನ ಬಾಚಣಿಗೆಯೊಂದನ್ನು ಬಾಗುವ ಪಟ್ಟಿಗಳಿಗೆ ತೂಗುಹಾಕಿತು. ಅದರ ಹಲ್ಲುಗಳು ಎದುರಿನ ಬಾಚಣಿಗೆಯೊಳಗೆ ನುಗ್ಗಿ ಹಿಂದೆ ಸರಿಯುತ್ತವೆ, ಎಲ್ಲೂ ಉಜ್ಜುವುದಿಲ್ಲ. ಕೀಲಿಲ್ಲದೆ ಬಾಗಿಯೇ ಕೆಲಸ ಮಾಡುವ ಇಂಥ ರಚನೆಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಕೆ. ಅನಂತಸುರೇಶ್ ಅವರ ಸಂಶೋಧನಾ ಕ್ಷೇತ್ರ. ಅಲ್ಲೇ ರುದ್ರ ಪ್ರತಾಪ್ ಸೂಕ್ಷ್ಮ ಗೈರೊಸ್ಕೋಪುಗಳ ಮೇಲೆ ಕೆಲಸ ಮಾಡಿದರು. ಮೊಬೈಲಿನ ಗೈರೊಸ್ಕೋಪಿನಲ್ಲಿ ಪುಟ್ಟ ತುಣುಕೊಂದು ಸೆಕೆಂಡಿಗೆ ಸಾವಿರಾರು ಸಲ ಹೀಗೇ ಅದುರುತ್ತಿರುತ್ತದೆ. ಫೋನು ಹೊರಳಿದರೆ ಅದು ಪಕ್ಕಕ್ಕೆ ವಾಲುತ್ತದೆ. ಆಗ ಇನ್ನೊಂದು ಜೊತೆ ಹಲ್ಲುಗಳ ನಡುವಣ ಸಂದು ಬದಲಾಗಿ, ಅಲ್ಲಿ ಶೇಖರವಾಗುವ ವಿದ್ಯುದಂಶವೂ ಬದಲಾಗುತ್ತದೆ. ಫೋನು ಓದಿಕೊಳ್ಳುವುದು ಅದನ್ನೇ.