ಮನೆಯ ಕ್ರಯವಿಕ್ರಯ: ಗೃಹಸ್ಥರು ಅರಿತಿರಬೇಕಾದ ಕೆಲವು ಸಂಗತಿಗಳು

ಅಕ್ಕಿಯನ್ನು ಕೊಳ್ಳುವಾಗ ನಾವು ಅಂಗೈಯಲ್ಲಿ ಹಿಡಿದು, ಊದಿ, ಕಾಳು ನೋಡಿ ಕೊಳ್ಳುತ್ತೇವೆ. ಮನೆಯನ್ನಾದರೋ ಆಯುಷ್ಯದಲ್ಲಿ ಒಂದು ಸಲ, ಹೆಚ್ಚೆಂದರೆ ಎರಡು ಸಲ ಕೊಳ್ಳುವುದು. ಆದರೂ ಅಕ್ಕಿಗೆ ತೋರಿಸುವಷ್ಟು ಜಾಗರೂಕತೆಯನ್ನು ಮನೆಯ ಕ್ರಯಪತ್ರಕ್ಕೆ ತೋರಿಸುವವರು ವಿರಳ. ಮಾತು ಕೊಟ್ಟವರು ಪರಿಚಿತರು, ಮನೆ ಕಣ್ಣೆದುರಿಗಿದೆ, ಇನ್ನೇನು ನೋಡುವುದು ಎಂಬ ಭರವಸೆಯಿಂದಲೇ ಮುಂಗಡ ಕೊಟ್ಟು, ಬಳಿಕ ಹತ್ತು ವರ್ಷ ಕೋರ್ಟಿನ ಮೆಟ್ಟಿಲು ಹತ್ತುವವರುಂಟು.

ರಾಮಕುಂಜದ ಕಡೆಯ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಗುಡ್ಡದ ಬುಡದಲ್ಲಿ ಹೆಂಚಿನ ಮನೆ. ಕೆಳಗೆ ಅಡಕೆಯ ತೋಟ. ಮೇಲೆ ಸೊಪ್ಪಿನ ಕುಮ್ಕಿ. ತಂದೆ ತೀರಿಕೊಂಡಿದ್ದಾರೆ, ತಾಯಿ ಇದ್ದಾರೆ. ಪಹಣಿಯಲ್ಲಿ ಮಗನ ಹೆಸರಿದೆ. ಮಗಳು ಮದುವೆಯಾಗಿ ಸುಳ್ಯದಲ್ಲಿದ್ದಾಳೆ. ಮಗನು ಮನೆಯನ್ನು ಮಾರಹೊರಟಿದ್ದಾನೆ. ಕೊಳ್ಳುವವರು ಮುಂಬಯಿಯಲ್ಲಿ ಮೂವತ್ತು ವರ್ಷ ದುಡಿದು ಊರಿಗೆ ಮರಳಿದ ಗೃಹಸ್ಥರು. ಇವರಿಬ್ಬರ ನಡುವೆ ಹುಟ್ಟತಕ್ಕ ಪ್ರಶ್ನೆಗಳೇ ಹೆಚ್ಚುಕಡಮೆ ಎಲ್ಲರ ಪ್ರಶ್ನೆಗಳು.

ಪಹಣಿಯಲ್ಲಿ ಹೆಸರಿದ್ದವನೇ ಒಡೆಯನೆ? ಹಾಗೆಂದು ತಿಳಿಯುವುದು ಮೊದಲನೆಯ ತಪ್ಪು. ೧೯೬೪ರ ಭೂಕಂದಾಯ ಕಾಯಿದೆಯ ಪ್ರಕಾರ ಪಹಣಿಯ ದಾಖಲೆಯನ್ನು, ಸುಳ್ಳೆಂದು ಸಾಧಿಸುವ ತನಕ, ನಿಜವೆಂದು ಭಾವಿಸುತ್ತಾರೆ, ಅಷ್ಟೆ. ಅದು ಒಡೆತನವನ್ನು ಹುಟ್ಟಿಸುವುದಿಲ್ಲ. ಆ ಭೂಮಿಯು ತಂದೆಗೆ ಹೇಗೆ ಬಂತು, ಕ್ರಯದಿಂದಲೋ, ಪಾಲುಪಟ್ಟಿಯಿಂದಲೋ, ವೀಲುನಾಮೆಯಿಂದಲೋ ಎಂಬ ಮೂಲಪತ್ರವನ್ನೇ ಕೇಳಬೇಕು. ರಾಮಕುಂಜವು ಹಿಂದೆ ಪುತ್ತೂರು ತಾಲೂಕಿಗೆ ಸೇರಿದ್ದು, ಈಗ ಕಡಬ ತಾಲೂಕಿನಲ್ಲಿರುವುದರಿಂದ ಹಳೆಯ ಪತ್ರಗಳಲ್ಲಿ ತಾಲೂಕಿನ ಹೆಸರು ಬೇರೆಯಿರುವುದು ಸಹಜ. ಸರ್ವೆ ನಂಬ್ರ, ವಿಸ್ತೀರ್ಣ, ಚಕ್ಕುಬಂದಿಗಳು ಕೂಡಿಬರುತ್ತವೆಯೇ ಎಂದು ನೋಡತಕ್ಕದ್ದು. ಒಂದು ಸರ್ವೆ ನಂಬ್ರದ ಒಂದು ತುಂಡನ್ನು ಮಾತ್ರ ಮಾರುವುದಾದರೆ, ಅಳತೆ ಮಾಡಿಸಿ ೧೧ಇ ನಕ್ಷೆ ಪಡೆಯಬೇಕಾಗುತ್ತದೆ.

ಮದುವೆಯಾಗಿ ಹೋದ ಮಗಳ ರುಜು ಬೇಕೆ? ಬೇಕು. ತಂದೆಯ ಸ್ವಂತ ಸಂಪಾದನೆಯಾಗಿದ್ದು, ವೀಲುನಾಮೆ ಬರೆಯದೆ ತೀರಿಕೊಂಡಿದ್ದರೆ, ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ತಾಯಿಗೂ ಮಗನಿಗೂ ಮಗಳಿಗೂ ಸಮಪಾಲು. ಪಿತ್ರಾರ್ಜಿತವಾದರೆ, ೨೦೦೫ರ ತಿದ್ದುಪಡಿಯು ಮಗಳಿಗೆ ಹುಟ್ಟಿನಿಂದಲೇ ಮಗನಂತೆ ಹಕ್ಕು ಕೊಟ್ಟಿದೆ; ತಿದ್ದುಪಡಿಯ ದಿನ ತಂದೆ ಬದುಕಿರಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟು ೨೦೨೦ರಲ್ಲಿ ತೀರ್ಮಾನಿಸಿತು. ೨೦೦೪ನೆಯ ಡಿಸೆಂಬರ್ ೨೦ಕ್ಕೆ ಮೊದಲೇ ನಡೆದ ಕ್ರಯಗಳನ್ನೂ ನೋಂದಾಯಿತ ಪಾಲುಗಳನ್ನೂ ಮಾತ್ರ ಅದು ಮುಟ್ಟುವುದಿಲ್ಲ. ಮಗನೊಬ್ಬನೇ ಬರೆದುಕೊಟ್ಟರೆ ಕೊಂಡವರಿಗೆ ಸಿಗುವುದು ಅವನ ಪಾಲು ಮಾತ್ರ. ಉಳಿದ ಪಾಲಿಗಾಗಿ ತಂಗಿ ನಾಳೆ ದಾವೆ ಹೂಡಿದರೆ ತಪ್ಪು ಅವಳದಲ್ಲ. ಮುಸಲ್ಮಾನರಿಗೂ ಕ್ರೈಸ್ತರಿಗೂ ಉತ್ತರಾಧಿಕಾರದ ನಿಯಮಗಳು ಬೇರೆ.

ನಮ್ಮ ಜಿಲ್ಲೆಯಲ್ಲಿ ಅಳಿಯಸಂತಾನದ ಕುಟುಂಬಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಎಲ್ಲರೂ ಒಪ್ಪದೆ ಪಾಲು ಕೇಳುವ ಹಕ್ಕು ಹಿಂದೆ ಯಾರಿಗೂ ಇರಲಿಲ್ಲ. ಆ ಹಕ್ಕು ಕವರುಗಳಿಗೆ ಬಂದುದು ೧೯೪೯ರ ಮದರಾಸು ಅಳಿಯಸಂತಾನ ಕಾಯಿದೆಯಿಂದ. ಹಳೆಯ ಕಾಲದಲ್ಲಿ ಯಜಮಾನರೊಬ್ಬರೇ ರುಜು ಹಾಕಿ ಮಾರಿದ ಪತ್ರವೇ ಮೂಲವಾಗಿದ್ದರೆ, ಅದನ್ನು ವಕೀಲರಿಗೆ ತೋರಿಸದೆ ಮುಂದುವರಿಯಬಾರದು.

ಗೇಣಿಯಿಂದ ಬಂದ ಭೂಮಿಯೆ? ೧೯೭೪ನೆಯ ಮಾರ್ಚ್ ಒಂದರಂದು ಗೇಣಿಯ ಭೂಮಿಗಳೆಲ್ಲ ಸರಕಾರದಲ್ಲಿ ನಿಹಿತವಾಗಿ, ಅರ್ಜಿ ಕೊಟ್ಟ ಒಕ್ಕಲಿಗೆ ಭೂನ್ಯಾಯಮಂಡಳಿಯು ಅಧಿಭೋಗದ ಹಕ್ಕನ್ನು ಕೊಟ್ಟಿತು. ಮಂಡಳಿಯ ಅಂತಿಮ ಆಜ್ಞೆಯ ದಿನದಿಂದ ೧೫ ವರ್ಷ ಅಂಥ ಭೂಮಿಯನ್ನು ಮಾರಕೂಡದು. ಬಹಳ ಮಂದಿಗೆ ಆ ಅವಧಿ ಎಂದೋ ಕಳೆದಿದೆ. ಆದರೆ ವ್ಯಾಜ್ಯದಿಂದ ಆಜ್ಞೆ ತಡವಾಗಿ ಬಂದಿದ್ದರೆ ಲೆಕ್ಕ ಹಾಕಿ ನೋಡಬೇಕು. ಗೇಣಿಯು ಕೂಡುಕುಟುಂಬದ್ದಾಗಿದ್ದು ಅರ್ಜಿಯಲ್ಲಿ ಅಣ್ಣನೊಬ್ಬನ ಹೆಸರಿದ್ದರೆ, ಹಕ್ಕು ಕುಟುಂಬದವರೆಲ್ಲರಿಗೂ ಸಲ್ಲುತ್ತದೆಂದು ನ್ಯಾಯಾಲಯಗಳು ಹೇಳಿವೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಭೂಮಿಯನ್ನು ೧೯೭೮ರ ಕಾಯಿದೆಯಂತೆ ಸರಕಾರದ ಅನುಮತಿಯಿಲ್ಲದೆ ಕೊಳ್ಳಬಾರದು; ಕೊಂಡರೆ ಹಣವೂ ಹೋಗುತ್ತದೆ, ಭೂಮಿಯೂ ಹೋಗುತ್ತದೆ.

ಕುಮ್ಕಿಯನ್ನು ಮಾರಬಹುದೆ? ಮಾರುವವನು ಗುಡ್ಡದತ್ತ ಕೈ ತೋರಿಸಿ, ಅದೂ ನಮ್ಮದೇ ಎನ್ನುವನು. ಕುಮ್ಕಿಯ ಒಡೆತನ ಸರಕಾರದ್ದು. ಸೊಪ್ಪು, ಸೌದೆ, ಮೇವುಗಳ ಸೌಲಭ್ಯ ಮಾತ್ರ ವರ್ಗದಾರನದು. ಆದುದರಿಂದ ಕುಮ್ಕಿಯ ಸೆಂಟ್ಸುಗಳಿಗೆ ವರ್ಗಸ್ಥಳದ ಕ್ರಯವನ್ನು ತೆರಬಾರದು. ಮನೆಯ ಕೊಟ್ಟಿಗೆಯೋ ಬಚ್ಚಲೋ ಕುಮ್ಕಿಯೊಳಗಿದೆಯೇ ಎಂದು ಅಳತೆಯವರಿಂದ ತಿಳಿದುಕೊಳ್ಳುವುದು ಲೇಸು.

ಕರಾರುಪತ್ರ ಸಾಲದೆ? ಸಾಲದು. ೧೮೮೨ರ ಸ್ವತ್ತು ವರ್ಗಾವಣೆ ಕಾಯಿದೆಯಂತೆ ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಕ್ರಯವು ನೋಂದಾಯಿತ ಪತ್ರದಿಂದಲೇ ಆಗಬೇಕು. ಕರಾರು ಕೊಳ್ಳುವವನಿಗೆ ಭೂಮಿಯಲ್ಲಿ ಯಾವ ಹಕ್ಕನ್ನೂ ಹುಟ್ಟಿಸುವುದಿಲ್ಲ. ಕ್ರಯ ಮಾಡಿಕೊಡೆಂದು ಕೇಳುವ ಹಕ್ಕನ್ನು ಮಾತ್ರ ಕೊಡುತ್ತದೆ. ಆ ದಾವೆಗೂ ಮೂರು ವರ್ಷದ ಮಿತಿಯುಂಟು. ಮುಖ್ತ್ಯಾರುನಾಮೆ ಬರೆಸಿಕೊಂಡು ಮನೆ ಕೊಂಡೆನೆಂದು ಸುಮ್ಮನಿರುವವರಿಗೆ ಅದರಿಂದ ಒಡೆತನ ಬಾರದೆಂದು ಸುಪ್ರೀಂ ಕೋರ್ಟು ೨೦೧೧ರಲ್ಲಿ ಸ್ಪಷ್ಟಪಡಿಸಿದೆ. ಕ್ರಯಪತ್ರಕ್ಕೆ ರುಜು ಹಾಕಿದ ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸತಕ್ಕದ್ದು.

ಸಾಲವಿಲ್ಲವೆಂದು ತಿಳಿಯುವುದು ಹೇಗೆ? ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರವನ್ನು ಪಡೆಯಬೇಕು. ಆದರೆ ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ಮೂಲಪತ್ರವನ್ನು ಬ್ಯಾಂಕಿನಲ್ಲಿ ಒತ್ತೆಯಿಟ್ಟು ಸಾಲ ತಂದಿದ್ದರೆ ಅದು ಅಲ್ಲಿ ಕಾಣದಿರಬಹುದು. ಆದ್ದರಿಂದ ನಕಲಿನಿಂದ ತೃಪ್ತರಾಗದೆ, ಮೂಲಪತ್ರವನ್ನೇ ಕಣ್ಣಾರೆ ನೋಡಿ. ಪಹಣಿಯಲ್ಲಿ ಬರೆದ ಸಾಲಗಳನ್ನೂ ಓದಿ.

ದಾರಿ, ನೀರು? ನಮ್ಮೂರ ಮನೆಗಳು ಒತ್ತಾಗಿಲ್ಲ. ನೆರೆಯವರ ತೋಟದ ಬದುವಿನ ಮೇಲೆಯೇ ಅಂಗಳ ಸೇರಬೇಕು, ಅವರ ಕಣಿಯಿಂದಲೇ ನೀರು ಬರಬೇಕು. ಇಪ್ಪತ್ತು ವರ್ಷ ಬಹಿರಂಗವಾಗಿ, ಶಾಂತವಾಗಿ, ಹಕ್ಕೆಂದು, ಅಡ್ಡಿಯಿಲ್ಲದೆ ನಡೆದ ದಾರಿಗೆ ಕಾಯಿದೆಯ ಬಲವುಂಟು. ನೆರೆಯವರ ದಾಕ್ಷಿಣ್ಯದಿಂದ ನಡೆದ ದಾರಿಗೆ ಆ ಬಲವಿಲ್ಲ. ಎರಡರಲ್ಲಿ ಯಾವುದೆಂದು ನೆರೆಯವರನ್ನೇ ವಿಚಾರಿಸಿ, ಕ್ರಯಪತ್ರದಲ್ಲಿ ಬರೆಸಿಕೊಳ್ಳಬೇಕು.

ಮಾರುವವರಿಗೂ ಎರಡು ಮಾತು. ಮನೆಯ ಕ್ರಯದಲ್ಲಿ ೨೦,೦೦೦ ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಹಣವನ್ನು ನಗದಾಗಿ ತೆಗೆದುಕೊಳ್ಳಬಾರದು. ತೆಗೆದುಕೊಂಡಷ್ಟೇ ದಂಡ ತೆರಬೇಕಾದೀತು. ಬಾಕಿಯಿದ್ದರೆ ಪತ್ರದಲ್ಲಿ ಬಾಕಿಯೆಂದೇ ಬರೆಯಿಸಿರಿ. ಪೂರ್ತಿ ಸಂದಿತೆಂದು ಬರೆದುಕೊಟ್ಟು ಬಳಿಕ ಬಾಕಿ ಕೇಳುವುದು ಕಷ್ಟ. ನಿಮಗೆ ತಿಳಿದ, ಕೊಳ್ಳುವವರ ಕಣ್ಣಿಗೆ ಬೀಳದ ಹಕ್ಕಿನ ದೋಷವನ್ನು ಮುಚ್ಚಿಡದೆ ಹೇಳುವುದು ಧರ್ಮವೂ ಹೌದು, ಕಾಯಿದೆಯೂ ಹೌದು.

ಇನ್ನು ನಮ್ಮ ಊಹೆಯ ಮನೆಗೆ ಮರಳೋಣ. ಮಗನು ಮಾಡತಕ್ಕ ಮೊದಲ ಕೆಲಸ ದಲ್ಲಾಳಿಯನ್ನು ಕಾಣುವುದಲ್ಲ, ಸುಳ್ಯಕ್ಕೆ ಹೋಗಿ ತಂಗಿಯನ್ನು ಕಾಣುವುದು. ಎರಡನೆಯದು, ತಾಯಿ ಮುಂದೆ ಎಲ್ಲಿರುವರೆಂದು ಅವರನ್ನೇ ಕೇಳುವುದು. ಅವರ ಪಾಲು ಅವರ ಕೈ ಸೇರಬೇಕು. ಮನೆ ಖಾಲಿ ಮಾಡಲು ಕಾಲಾವಕಾಶ ಬೇಕಿದ್ದರೆ ಅದನ್ನೂ ಪತ್ರದಲ್ಲಿ ಬರೆಯಬೇಕು. ಕೊಳ್ಳುವವರು ಮುಂಗಡ ಕೊಡುವ ಮುನ್ನವೇ ವಕೀಲರನ್ನು ಕಾಣತಕ್ಕದ್ದು, ಕೊಟ್ಟ ಮೇಲಲ್ಲ. ಮೂವರೂ ಮನಸಾರೆ ರುಜು ಹಾಕಿದ ಮನೆಯಲ್ಲಿ ಕೊಂಡವರು ನಿಶ್ಚಿಂತೆಯಿಂದ ಮಲಗುವರು. ಮಾರಿದವರ ಮನೆತನದಲ್ಲಿ ಅಣ್ಣತಂಗಿಯರ ಹೋಗುಬರವೂ ಉಳಿಯುವುದು.